ಬರ್ಮಾದಿಂದ ಬಂದ ನೀಲಿ ಹಕ್ಕಿ

ಇಪ್ಪತ್ತೆರಡು ವರ್ಷಗಳಲ್ಲಿ ವಿಜೇಪಾಲನ ಬಾಯಿಂದ "ಗೊತ್ತಿಲ್ಲ" ಎಂಬ ಮಾತು ಒಮ್ಮೆಯೂ ಹೊರಬಿದ್ದಿರಲಿಲ್ಲ. ಸಿಂಹರಾಜ ಕಾಡಿನಲ್ಲಿ ಪ್ರವಾಸಿಗರಿಗೆ ಹಕ್ಕಿ ತೋರಿಸುವ ಗೈಡುಗಳಿಗೆಲ್ಲ ಅವನೇ ಹಿರಿಯ. ನಡೆಯುವಾಗಲೂ ಅವನ ಕಣ್ಣು ಮರದ ತುದಿಯಲ್ಲೇ ಇರುತ್ತಿತ್ತು.

ಹುಣ್ಣಿಮೆಗೊಮ್ಮೆ ಗೈಡುಗಳು ಚಹಾದಂಗಡಿಯಲ್ಲಿ ಸೇರಿ ಹಿರಿಯನ ಮುಂದೆ ಒಂದು ಹಕ್ಕಿಯ ಫೋಟೊ ಇಡುವುದು ವಾಡಿಕೆ. ಹೆಸರು ತಪ್ಪಿದರೆ ಮುಂದಿನ ಹುಣ್ಣಿಮೆಯವರೆಗೆ ಜಿಗಣೆ ಹತ್ತದಂತೆ ಎಲ್ಲರೂ ಹಾಕಿಕೊಳ್ಳುವ ಕಾಲ್ಚೀಲಗಳನ್ನೂ ಅವನೇ ಒಗೆಯಬೇಕು. ಆ ಕಾಲ್ಚೀಲಗಳ ವಾಸನೆ ಬಲ್ಲವರೇ ಬಲ್ಲರು.

ಈ ಸಲ ಫೋಟೊ ತಂದವನು ಪ್ರೇಮಲಾಲ್, ವಿಜೇಪಾಲನ ಕೈಯಲ್ಲೇ ಕೆಲಸ ಕಲಿತವನು.

"ನೋಡಿ ಅಯ್ಯಾ, ನಮಗಂತೂ ತಲೆಬುಡ ಗೊತ್ತಾಗ್ತಿಲ್ಲ," ಎಂದು ಮೊಬೈಲನ್ನು ಮುಂದೆ ಹಿಡಿದ.

ಮೈಯೆಲ್ಲ ಕಡುನೀಲಿ, ಕೊಕ್ಕು ಹಳದಿ, ಪುಕ್ಕ ಒದ್ದೆ. ಇಂಥದ್ದನ್ನು ವಿಜೇಪಾಲ ಕಂಡೇ ಇರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವುದುಂಟೇ? ಬೆಲ್ಲ ಕಚ್ಚಿ, ಚಹಾ ಹೀರಿ, ಕನ್ನಡಕವನ್ನು ಎರಡು ಸಲ ಒರೆಸಿದ.

"ಸಿಳ್ಳಾರ," ಎಂದ ಗಂಭೀರವಾಗಿ. "ನಮ್ಮ ಸಿಳ್ಳಾರನ ಕೊಕ್ಕು ಕಪ್ಪು. ಹಳದಿ ಕೊಕ್ಕಿಂದು ಬರ್ಮಾ ಕಡೇದು. ಗಾಳಿಗೆ ಸಿಕ್ಕಿ ಸಮುದ್ರ ದಾಟಿ ಬಂದಿದೆ, ಪಾಪ. ಈ ದ್ವೀಪದಲ್ಲಿ ಇದನ್ನ ಮೊದಲು ನೋಡಿದೋನು ನೀನೇ ಕಣೋ!"

"ನಾನಲ್ಲ ಅಯ್ಯಾ, ಅಕ್ಕ ತೆಗೆದಿದ್ದು."

ಅಕ್ಕ ಎಂದರೆ ವಿಜೇಪಾಲನ ಹೆಂಡತಿ ಕರುಣಾವತಿ, ಬಾತಿಕ್ ಬಟ್ಟೆಗೆ ಬಣ್ಣ ಹಾಕುವವಳು. ಅಷ್ಟರಲ್ಲಿ ಅವಳೇ ಬಾಗಿಲಲ್ಲಿ ಬಂದು ನಿಂತಿದ್ದಳು, ಕೈ ಮೊಣಕೈವರೆಗೂ ನೀಲಿ.

"ಬರ್ಮಾದಿಂದ ಬಂತಂತೆ! ಅದು ನಮ್ಮ ಹಿತ್ತಲ ಬೂದು ಹರಟೆಮಲ್ಲ ಕಣ್ರೀ. ದಿನಾ ಬೆಳಿಗ್ಗೆ ನನ್ನ ಬಣ್ಣದ ಬೋಗುಣೀಲಿ ಬಿದ್ದು ಸ್ನಾನ ಮಾಡುತ್ತೆ. ಮುಚ್ಚೋಕೆ ಒಂದು ಹಲಗೆ ಮಾಡ್ಕೊಡಿ ಅಂತ ಮೂರು ತಿಂಗಳಿಂದ ಬಡ್ಕೊಳ್ತಿದೀನಿ. ತಿರುಗಿ ನೋಡಿದ್ರಾ?"

ಅಂಗಡಿಯಲ್ಲಿದ್ದವರೆಲ್ಲ ಬಿದ್ದೂ ಬಿದ್ದೂ ನಕ್ಕರು. ಅವಮಾನದಿಂದ ವಿಜೇಪಾಲನ ಕಿವಿ ಬಿಸಿಯಾಯಿತು. ಆದರೂ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

"ಬೋಗುಣಿ ಕಾಣದಂಗೆ ಫೋಟೊ ತೆಗೆದ್ರೆ ಯಾರಿಗ್ರೋ ಗೊತ್ತಾಗುತ್ತೆ? ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾಯ್ತಾ?"

"ಇಲ್ಲ ಅಯ್ಯಾ, ಅಕ್ಕ ಹೇಳೋವರೆಗೂ ನಮಗೂ ಹಕ್ಕಿ ಯಾವುದು ಅಂತ ತಿಳೀಲಿಲ್ಲ," ಎಂದು ಪ್ರೇಮಲಾಲ್ ವಿನಯದಿಂದಲೇ ಫೋಟೊದ ಮೂಲೆಯನ್ನು ಬೆರಳಲ್ಲಿ ಹಿಗ್ಗಿಸಿದ. "ಆದ್ರೆ ಹಿಂದೆ ಹಗ್ಗದ ಮೇಲೆ ನೇತಾಡ್ತಿರೋ ಈ ತೂತು ಬನಿಯನ್ ಯಾರದು ಅಂತ ಎಲ್ಲರಿಗೂ ನೋಡಿದ ಕೂಡಲೇ ಗೊತ್ತಾಯ್ತು."

"ಹೆಂಗೂ ಒಗೆಯೋಕೆ ಕೂರ್ತೀರಲ್ಲ," ಎಂದಳು ಕರುಣಾವತಿ, "ಇನ್ಮೇಲೆ ಅದನ್ನೂ ಸೇರಿಸ್ಕೊಳ್ಳಿ."