ಉಸಿರಿಗೆಂದು ಕೊರೆದ ತೂತುಗಳು

ನಾನು ಒಂದು ಕೊಳವೆ. ಗಾಜಿನಂತೆ ಕಂಡರೂ ಪ್ಲಾಸ್ಟಿಕ್ಕಿನ ಮೈ ನನ್ನದು. ಹುಟ್ಟಿದ್ದು ಒಂದು ತಗಡಿನ ಶೆಡ್ಡಿನಲ್ಲಿ. ನನ್ನನ್ನು ಕೊಯ್ದು, ಉಜ್ಜಿ, ಒಂದು ತುದಿಗೆ ಸಣ್ಣ ತೂತುಗಳನ್ನು ಕೊರೆದ ಕೆಲಸಗಾರ, "ಇದ್ರೊಳಗೆ ಏನೋ ಉಸಿರಾಡುತ್ತಂತೆ" ಎಂದ. ಉಸಿರನ್ನು ಕಾಯುವ ಕೆಲಸ ಎಂದು ನಾನು ಹಿಗ್ಗಿದೆ. ಎಂಥ ಪೆದ್ದು!

ಬಂದು ಸೇರಿದ್ದು ಮೈಸೂರಿನ ಕಾಲೇಜೊಂದರ ಪ್ರಾಣಿಮನೆಗೆ. ಅಲ್ಲಿ ಬಿಳಿ ಇಲಿಗಳ ಎರಡು ಗುಂಪು. ಒಂದು ಗುಂಪಿನವನ್ನು ದಿನವೂ ಒಂದೊಂದಾಗಿ ನನ್ನೊಳಗೆ ತುರುಕಿ, ಬಾಲದ ಕಡೆ ಮುಚ್ಚಳ ಹಾಕುತ್ತಿದ್ದರು. ಮಗ್ಗುಲಾಗಲೂ ಜಾಗವಿಲ್ಲ. ಅವು ತೂತುಗಳಿಗೆ ಮೂಗೊತ್ತಿ ನಡುಗುತ್ತಿದ್ದವು. ಆ ನಡುಕ ನನ್ನ ಮೈಗೂ ಹತ್ತುತ್ತಿತ್ತು. ಇನ್ನೊಂದು ಗುಂಪನ್ನು ಯಾರೂ ಕಾಡುವಂತಿರಲಿಲ್ಲ. ಅದು ನೆಮ್ಮದಿಯ ಗುಂಪು. ಹೆದರಿದ ಪ್ರಾಣಿಯ ರಕ್ತದಲ್ಲಿ ಒಂದು ಹಾರ್ಮೋನು ಏರುತ್ತದಂತೆ. ಎರಡೂ ಗುಂಪುಗಳಲ್ಲಿ ಅದನ್ನು ಅಳೆದು ಹೋಲಿಸುವುದೇ ಇವರ ಸಂಶೋಧನೆ. ಕಣ್ಣೆದುರು ನಡುಗುವುದನ್ನು ಕಂಡರೆ ಇವರಿಗೆ ಸಾಲದು.

ನೆಮ್ಮದಿಯ ಗುಂಪಿನಲ್ಲಿ ಕಿವಿ ಹರಿದ ಹೆಣ್ಣಿಲಿಯೊಂದಿತ್ತು. ಸಂಶೋಧನೆ ಮಾಡುವ ಹುಡುಗಿ ವಿನುತಾ ಬಂದರೆ ಪಂಜರದ ಕಂಬಿ ಹಿಡಿದು ಎದ್ದು ನಿಲ್ಲುತ್ತಿತ್ತು. "ನಿನ್ ಗುಂಪಿನ ಫಲಿತಾಂಶ ಸರಿಯಾಗಿ ಬರ್ಲಿ ಕಣೇ. ನಿನ್ನನ್ನ ಮರಿ ಹಾಕಿಸೋ ಕೋಣೆಗೆ ಕಳಿಸ್ತೀನಿ, ಪ್ರಯೋಗ ಮುಗಿದ್ಮೇಲೆ ಸಾಯೋದು ತಪ್ಪುತ್ತೆ" ಎನ್ನುತ್ತಿದ್ದಳು.

ಆಯುಧಪೂಜೆ ಬಂತು. ರಕ್ತ ಪರೀಕ್ಷಿಸುವ ಹೊಸ ಯಂತ್ರವೂ ಅದೇ ಹೊತ್ತಿಗೆ ಬಂದಿತ್ತು. ಪ್ರಾಣಿಮನೆ ನೋಡಿಕೊಳ್ಳುವ ಜವರಪ್ಪ ಪಂಜರಗಳಿಗೆಲ್ಲ ಚೆಂಡುಹೂವು ಸುತ್ತಿ, ಯಂತ್ರಕ್ಕೆ ವಿಭೂತಿ ಬಳಿದು, ನನಗೂ ಕುಂಕುಮದ ಬೊಟ್ಟಿಟ್ಟ. ಧೂಪದ ಹೊಗೆ ಕೋಣೆ ತುಂಬಿತು. ಗಂಟೆ ಬಾರಿಸಿದರು. ಬಾಗಿಲಲ್ಲಿ ಬೂದುಗುಂಬಳ ಧೊಪ್ಪನೆ ಒಡೆಯಿತು. ನೆಮ್ಮದಿಯ ಗುಂಪು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಚ್ಚೆ ಹೊಯ್ದುಕೊಂಡಿತು.

"ಒಳ್ಳೇ ಘಳಿಗೆ. ನೆಮ್ಮದಿ ಗುಂಪಿನ ರಕ್ತ ಹಾಕೇ ಮೆಷಿನ್ ಶುರು ಮಾಡೋಣ" ಎಂದರು ವಿನುತಾಳ ಗುರುಗಳಾದ ಪ್ರೊಫೆಸರ್ ಚಂದ್ರಮೌಳಿ.

"ಈಗ ಬೇಡ ಸರ್, ಗಾಬರಿ ಬಿದ್ದಿವೆ. ನಾಳೆ ತೆಗೀತೀನಿ."

"ಪೂಜೆ ಮಾಡಿ ಮೆಷಿನ್ ಸುಮ್ನೆ ಬಿಡ್ತಾರೇನಮ್ಮ? ತೆಗಿ, ತೆಗಿ."

ತೆಗೆದಳು. ನನ್ನ ಗುಂಪಿನ ಸರದಿ ಬಂದದ್ದು ಹಬ್ಬ ಕಳೆದ ಮೇಲೆ, ಸದ್ದಿಲ್ಲದ ದಿನ. ಅಷ್ಟರಲ್ಲಿ ಅವು ನನಗೆ ಒಗ್ಗಿಹೋಗಿದ್ದವು. ದಿನಾ ಸಾಯುವವರಿಗೆ ಅಳುವವರು ಯಾರು? ಅವುಗಳ ರಕ್ತ ಕೂಡ ಅಳುವುದನ್ನು ಬಿಟ್ಟಿತ್ತು. ನೋಡಿದರೆ, ನೆಮ್ಮದಿಯ ಗುಂಪಿನಲ್ಲೇ ಹಾರ್ಮೋನು ಹೆಚ್ಚು!

"ಈ ಇಲಿಗಳೇ ಸರಿಯಿಲ್ಲ. ಎಲ್ಲಾ ಮುಗಿಸಿ ಹೊಸದು ತರಿಸು" ಎಂದರು ಚಂದ್ರಮೌಳಿ.

"ಅವುಗಳ ತಪ್ಪಲ್ಲ ಸರ್. ಹೊಗೆ, ಗಂಟೆ... ಆದದ್ದನ್ನೇ ಬರೆದುಬಿಡೋಣ."

"ದೇವರ ಪೂಜೆಗೆ ಇಲಿ ಹೆದರ್ತು ಅಂತ ಬರೀಲಾ? ಆಮೇಲೆ ನನ್ನ ಮುಖ ಎಲ್ಲಿಟ್ಕೊಳ್ಲಿ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲಕ್ಕೆ ಮರಣದಂಡನೆಯೂ ಆಯಿತು.

ವಿಷಗಾಳಿಯ ಪೆಟ್ಟಿಗೆ ತಂದರು. ವಿನುತಾ ಬಂದಳೆಂದು ಕಿವಿ ಹರಿದದ್ದು ಎಂದಿನಂತೆ ಕಂಬಿ ಹಿಡಿದು ಎದ್ದು ನಿಂತಿತು. ಅವಳು ಅತ್ತಳು, ನಿಜ. ಆದರೆ ಪೆಟ್ಟಿಗೆಯ ಮುಚ್ಚಳ ಹಾಕಿದವಳೂ ಅವಳೇ. ಅದನ್ನು ನಾನು ಕ್ಷಮಿಸಿಲ್ಲ. ಹಾಗೆ ನೋಡಿದರೆ ನನ್ನನ್ನು ಕ್ಷಮಿಸುವವರೂ ಯಾರಿದ್ದಾರೆ?

ಆಮೇಲೆ ನನ್ನ ಮೈ ಸೀಳಿತು, ಮುಚ್ಚಳ ನಿಲ್ಲದಾಯಿತು. ಕಸಕ್ಕೆ ಬಿಸಾಡಿದ್ದರೆ ಚೆನ್ನಾಗಿತ್ತು. ಆದರೆ ಜವರಪ್ಪನಿಗೆ ಯಾವುದನ್ನೂ ಎಸೆಯಲು ಮನಸ್ಸು ಬಾರದು. ಪ್ರಾಣಿಮನೆಯಲ್ಲಿರುವ ದೇವರ ಪಟದ ಮುಂದೆ ನನ್ನನ್ನು ನೆಟ್ಟಗೆ ನಿಲ್ಲಿಸಿದ್ದಾನೆ. ಇಲಿಗಳ ಉಸಿರಿಗೆಂದು ಕೊರೆದ ತೂತುಗಳಿಗೆ ಈಗ ಊದಿನಕಡ್ಡಿ ಸಿಕ್ಕಿಸುತ್ತಾನೆ.

"ಈ ಸಲದ ಇಲಿಗೊಳಿಗಾದ್ರೂ ಏನೂ ಆಗ್ದಂಗೆ ನೋಡ್ಕೊಳಪ್ಪ ಸ್ವಾಮಿ" ಎಂದು ದಿನಾ ಬೆಳಿಗ್ಗೆ ಕೈಮುಗಿಯುತ್ತಾನೆ. ಪಾಪ, ಮನಸಾರೆ ಕೇಳಿಕೊಳ್ಳುತ್ತಾನೆ. ನನ್ನ ತೂತುಗಳ ಮೇಲೆ ಹೊಗೆ ಏಳುತ್ತದೆ. ಫ್ಯಾನಿನ ಗಾಳಿಗೆ ಅದು ಪಂಜರಗಳ ಕಡೆ ತಿರುಗುತ್ತದೆ. ಹೊಸ ನೆಮ್ಮದಿಯ ಗುಂಪು ಮೂಲೆಗೆ ಸರಿದು ಒಂದರ ಮೇಲೊಂದು ಬೀಳುತ್ತದೆ.