ಖಜಾನೆಯಿಂದ ತಿರುಗಿ ಬಂದ ತೆರಿಗೆ

ಹುನಗುಂದದ ಹತ್ತಿರದ ಹಳ್ಳಿಯೊಂದರಲ್ಲಿ ಲಗಮವ್ವ ಕುರಿ ಸಾಕಿಕೊಂಡು ಬದುಕುತ್ತಿದ್ದಳು. ಗಂಡ ಅಮಸಿದ್ದಪ್ಪ ಸಾಯುವ ಮೊದಲು ಅರ್ಧ ಹಿಂಡು ಮಾರಿ, ಬಂದ ಸಾವಿರ ರೂಪಾಯಿಗೆ ಸರಕಾರದ ಸಾಲಪತ್ರ ಕೊಂಡಿದ್ದ. "ಕುರಿಗೆ ರೋಗ ಬರತೈತಿ, ಇದಕ್ಕ ಬರಂಗಿಲ್ಲ" ಎಂದಿದ್ದ. ಆರು ತಿಂಗಳಿಗೊಮ್ಮೆ ಹುನಗುಂದದ ಖಜಾನೆಯಲ್ಲಿ ಅದರ ಬಡ್ಡಿ ಸಿಗುತ್ತಿತ್ತು. ಆದರೆ ಕೊಡುವಾಗಲೇ ರೂಪಾಯಿಗೆ ನಾಲ್ಕಾಣೆಗೂ ತುಸು ಹೆಚ್ಚು ತೆರಿಗೆ ಹಿಡಿದುಕೊಂಡು ಒಂದು ಚೀಟಿ ಕೊಡುತ್ತಿದ್ದರು. ಸರಕಾರದ ದುಡ್ಡು ಹೀಗೇ ಬರುತ್ತದೆ ಎಂದುಕೊಂಡು ಲಗಮವ್ವ ಯಾರನ್ನೂ ಏನೂ ಕೇಳಿರಲಿಲ್ಲ.

೧೯೫೫ರಲ್ಲಿ ಒಂದು ದಿನ ಬಡ್ಡಿ ತೆಗೆದುಕೊಂಡು, ಹೆಣ್ಣುಮಕ್ಕಳ ಸಾಲೆಯ ಜಾನಕಿಬಾಯಿ ಟೀಚರ ಮನೆಗೆ ಬೆಣ್ಣೆ ಕೊಡಲು ಹೋದಳು. ಜಾನಕಿಬಾಯಿ ಚೀಟಿ ನೋಡಿದರು.

"ಲಗಮವ್ವ, ವರ್ಷಕ್ಕ ಎಲ್ಲಾ ಕೂಡಿ ನಿನಗೆಷ್ಟು ಸಿಗತದ?"

"ಉಣ್ಣಿ, ಬೆಣ್ಣಿ, ಮರಿ ಮಾರಿದ್ದು ಎಲ್ಲಾ ಹಿಡದ್ರ ಐದನೂರ ಆದೀತ್ರಿ ಅಕ್ಕಾರ."

"ಹಂಗಾದ್ರ ಈ ತೆರಿಗಿ ನಿನಗ ಬರೂದೇ ಇಲ್ಲ. ನಾಕು ಸಾವಿರದ ಮ್ಯಾಲ ಗಳಸೋರಿಗೆ ಅದು. ಯಾರು ಬಡವರು, ಯಾರು ಸಾವಕಾರರು ಅಂತ ಖಜಾನಿಯವರಿಗೆ ಗೊತ್ತಾಗೂದಿಲ್ಲ. ಎಲ್ಲಾರದೂ ಹಿಡೀತಾರ. ಅರ್ಜಿ ಹಾಕಿದ್ರ ತಿರುಗಿ ಕೊಡ್ತಾರ."

"ಸರಕಾರ ತಿರುಗಿ ಕೊಡತೈತೇನ್ರಿ?" ಲಗಮವ್ವ ನಂಬಲಿಲ್ಲ. ದನಿ ತಗ್ಗಿಸಿ ಕೇಳಿದಳು: "ಕೇಳಾಕ ಹೋದ್ರ ಕುರಿ ಎಣಸಾಕ ಬರ್ತಾರೇನ್ರಿ?"

"ಯಾರೂ ಬರೂದಿಲ್ಲ" ಎಂದರು ಜಾನಕಿಬಾಯಿ. ಅವರ ಅಣ್ಣ ವಾಸುದೇವರಾಯರು ಬಾಗಲಕೋಟೆಯಲ್ಲಿ ವಕೀಲರು. ಆದಿತ್ಯವಾರ ಹೆಂಗಸರಿಬ್ಬರೂ ಬಸ್ಸಿಗೆ ಅಲ್ಲಿಗೆ ಹೋದರು. ಲಗಮವ್ವ ಜೋಪಾನ ಮಾಡಿಟ್ಟಿದ್ದ ಹಿಂದಿನ ಮೂರು ವರ್ಷದ ಚೀಟಿಗಳನ್ನು ಸೇರಿಸಿ ರಾಯರು ಅರ್ಜಿ ಬರೆದರು. ಲಗಮವ್ವ ಹೆಬ್ಬೆಟ್ಟು ಒತ್ತಿದಳು.

ಮಳೆಗಾಲ ಕಳೆದು ಸುಗ್ಗಿ ಬರುವ ಹೊತ್ತಿಗೆ ಹಣ ಮರಳಿ ಕೊಡಬೇಕೆಂಬ ಆದೇಶ ಬಂತು. ಲಗಮವ್ವ ಜಾನಕಿಬಾಯಿಯನ್ನು ಕರೆದುಕೊಂಡೇ ಖಜಾನೆಗೆ ಹೋದಳು. ಬಾಗಿಲಲ್ಲಿ ಬಂದೂಕು ಹಿಡಿದ ಪೊಲೀಸ ನಿಂತಿದ್ದ. ಅದರ ಮುಂದಿನ ಕಟ್ಟೆಯ ಮೇಲೆ ಅವಳ ಊರಿನವರೆಲ್ಲ ಒಂದಲ್ಲ ಒಂದು ಸಲ ಕಂದಾಯ ಕಟ್ಟಲು ನಿಂತವರೇ. ಒಳಗಿದ್ದ ಗುಮಾಸ್ತ ಪಂಢರೀನಾಥ ಆದೇಶ ಓದಿ, ಮೂರು ಹತ್ತರ ನೋಟು, ಮೇಲಿಷ್ಟು ಚಿಲ್ಲರೆ ಎಣಿಸಿ ಅವಳ ಮುಂದಿಟ್ಟ.

ಲಗಮವ್ವ ಮುಟ್ಟಲಿಲ್ಲ. "ಯಾವ ಸಾಹೇಬ್ರು ಕೊಟ್ಟಾರ್ರಿ ಇದನ್ನ?"

"ಯಾರೂ ಅಲ್ಲವಾ. ಕಾಯದೆ ಹಂಗದ."

ಹೊರಗೆ ಬಂದು ಅವಳು ಬೇವಿನ ಗಿಡದ ಬುಡದಲ್ಲಿ ಕೂತುಬಿಟ್ಟಳು. ನೋಟು ಮಡಿಲಲ್ಲಿದ್ದವು.

"ಅಕ್ಕಾರ, ದಿಲ್ಲ್ಯಾಗ ಕುಂತು ಇದನ್ನ ಬರದಾಂವ ನನ್ನ ಮಾರಿ ನೋಡಿಲ್ಲ. ನಮ್ಮ ಊರಿನ ಹೆಸರೂ ಕೇಳಿರಾಕಿಲ್ಲ. ಆದ್ರೂ ಹಿಂಗೊಬ್ಬಾಕಿ ಇರ್ತಾಳ, ಆಕಿ ಕಡಿಂದ ತಗೋಬಾರದು ಅಂತ ಅವಗ ಹೊಳೀತಲ್ಲ."

ಅಣ್ಣನ ಬಾಯಲ್ಲಿ ಈ ಕಾಯದೆಯನ್ನು ಎಷ್ಟೋ ಸಲ ಕೇಳಿದ್ದರೂ ಜಾನಕಿಬಾಯಿಗೆ ಅದು ಹೀಗೆ ಹೊಳೆದಿರಲಿಲ್ಲ. ಅವರು ಅವಳ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತರು.

"ಮುಂದ ಹಿಡೀದಂಗನೂ ಮಾಡಬಹುದು. ತೆರಿಗಿ ಬರೂದಿಲ್ಲ ಅಂತ ಮೊದಲೇ ಒಂದು ದಾಖಲೆ ತಗೊಂಡು ಖಜಾನಿಗೆ ಕೊಟ್ರ ಬಡ್ಡಿ ಪೂರಾ ಸಿಗತದ. ಅಣ್ಣಗ ಹೇಳ್ತೀನಿ."

"ಈ ವರ್ಷ ಬ್ಯಾಡ್ರಿ. ಹಿಡೀಲಿ."

"ಯಾಕ? ಸುಮ್ಮನ ಓಡ್ಯಾಟ ಆಗತದಲ್ಲ."

"ಆಗ್ಲಿ. ತಿರುಗಿ ಕೊಡೂದನ್ನ ಇನ್ನೊಮ್ಮೆ ನೋಡ್ತೇನಿ. ಬಾಜೂ ಮನಿ ಬೋರವ್ವಗ ಹೇಳಿದ್ರ ನಂಬಂಗಿಲ್ಲ, ಆಕಿಗೂ ತೋರಸ್ತೇನಿ."

ಮರುವರ್ಷ ಹಣ ಬಂದ ದಿನ ಬೋರವ್ವ ಮದುವೆಗೆ ಹೊರಟವಳಂತೆ ಇಳಕಲ್ಲ ಸೀರೆ ಉಟ್ಟು ಲಗಮವ್ವನ ಜೊತೆ ಖಜಾನೆಗೆ ಬಂದಿದ್ದಳು. ಪಂಢರೀನಾಥ ಹತ್ತರ ನೋಟೊಂದನ್ನು ಲಗಮವ್ವನ ಮುಂದಿಟ್ಟಾಗ, ಬಾಗಿಲಲ್ಲಿ ನಿಂತಿದ್ದ ಬೋರವ್ವ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ನೋಟನ್ನಲ್ಲ, ಅದನ್ನಿಟ್ಟ ಕಟ್ಟಿಗೆಯ ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.