ಮಂಗಳವಾರದ ಕರಿಬಟ್ಟೆ

ನಾರ್ವಿಚ್‌ನಲ್ಲಿ ಸೂತಕದ ಉಡುಪು ಹೊಲಿಯುವುದರಲ್ಲಿ ಡ್ರುಸಿಲ್ಲಾ ಟ್ಯಾಪ್‌ಳನ್ನು ಮೀರಿಸುವವರಿರಲಿಲ್ಲ. ಅಂಗಡಿಯ ಹಲಗೆಯ ಮೇಲಿದ್ದದ್ದು ಮಾತ್ರ ಗಂಡ ಒಬಡಾಯನ ಹೆಸರು. ಆ ಮಹಾನುಭಾವನಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ.

ಶುಕ್ರವಾರ ಲ್ಯಾವಿಂಗ್ಟನ್ ದೊರೆಯ ಹೆಂಡತಿ ಪಾಷಾಣಕ್ಕೆ ಸತ್ತಳು. ಪೊಲೀಸರು ಅಡುಗೆಮನೆಯ ಹುಡುಗಿ ಕೆಜಾಯಾಳನ್ನು ಒಳಗೆ ಹಾಕಿದರು. ನೇಣು ತಪ್ಪುವಂತಿರಲಿಲ್ಲ. ಆದರೆ ದೊರೆ ತನ್ನ ಹೆಣ್ಣುಮಕ್ಕಳಿಗೆ ಕರಿ ಉಡುಪು ಹೊಲಿಯಲು ಹೇಳಿದ್ದು ಅದಕ್ಕೂ ಮೂರು ದಿನ ಮುಂಚೆ, ಮಂಗಳವಾರ! ಈ ಕೆಲಸಕ್ಕೆ ಹೆಂಡತಿಯನ್ನು ಕಳಿಸುವಂತಿರಲಿಲ್ಲವಲ್ಲ, ತಾನೇ ಅಂಗಡಿಗೆ ಬಂದಿದ್ದ. ನೆಂಟರಲ್ಲಿ ಯಾರೋ ತೀರಿಹೋಗಿರಬೇಕೆಂದು ಡ್ರುಸಿಲ್ಲಾ ಆಗ ಬಟ್ಟೆ ಕತ್ತರಿಸಿದ್ದಳು. ಸಾವಿಗೆ ಮುಂಚೆ ಕರಿಬಟ್ಟೆ ತಂದರೆ ಸಾವನ್ನೇ ಕರೆದಂತೆ ಎಂದು ಆ ಊರಿನ ಹೆಣ್ಣುಕೂಸಿಗೂ ಗೊತ್ತು. ಗಂಡಸರಿಗೆ ಗೊತ್ತಿಲ್ಲ.

ಅವಳು ಠಾಣೆಗೆ ಹೋಗಿ ಎಲ್ಲ ಹೇಳಿದಳು. ಇನ್‌ಸ್ಪೆಕ್ಟರ್ ಮೀಸೆ ತೀಡಿದ.

"ಯಜಮಾನ್ರಿಗೆ ಹೇಳಿ ಬಂದಿದ್ದೀಯೇನಮ್ಮ?"

"ಬಟ್ಟೆ ಹೊಲ್ದೋಳು ನಾನು, ಸ್ವಾಮಿ."

"ಹೆಂಗಸ್ರಿಗೆ ಮಂಗಳವಾರನೂ ಒಂದೇ, ಶುಕ್ರವಾರನೂ ಒಂದೇ. ಹೋಗು, ಗಂಡನ್ನ ಕಳ್ಸು."

ಆ ಮೀಸೆಗೆ ಸುರಿದ ಎಣ್ಣೆಯಲ್ಲಿ ಅರ್ಧದಷ್ಟು ತಲೆಯ ಒಳಗೆ ಹೋಗಿದ್ದರೂ ತುಕ್ಕು ಬಿಡುತ್ತಿತ್ತು ಎಂದುಕೊಂಡು ಡ್ರುಸಿಲ್ಲಾ ಮನೆಗೆ ಬಂದಳು. ಹುಡುಗಿಯ ಕುತ್ತಿಗೆ ಉಳಿಯಬೇಕಿತ್ತು, ಅದಕ್ಕೊಂದು ಗಂಡು ಬಾಯಿ ಬೇಕಿತ್ತು.

"ದೊರೆ ಮಂಗಳವಾರಾನೇ ಯಾಕೆ ಬಂದ ಅಂತ ಮೊನ್ನೆ ನೀವೇ ಅಂದ್ರಲ್ಲ? ನನ್ನ ಮಂಡೆಗೆ ಅದೆಲ್ಲ ಎಲ್ಲಿ ಹೊಳೀಬೇಕು!" ಅಂದಳು.

ಮಂಗಳವಾರ ಇಡೀ ದಿನ ಹೆಂಡದಂಗಡಿಯಲ್ಲಿದ್ದ ಒಬಡಾಯ ಎದೆ ಉಬ್ಬಿಸಿದ. "ಹೌದು ಕಣೇ. ನಾನೇ ಅಂದಿದ್ದೆ."

ಗಿಣಿಗೆ ಕಲಿಸಿದಂತೆ ಮೂರು ಸಲ ಕಲಿಸಿದಳು. ಮರುದಿನ ವಿಚಾರಣೆಯಲ್ಲಿ ಗಿಣಿ ಒಪ್ಪಿಸಿತು. ಅದೇ ಇನ್‌ಸ್ಪೆಕ್ಟರ್ ಬಾಯಿ ಬಿಟ್ಟುಕೊಂಡು ಕೇಳಿದ. ದೊರೆ ತಡವರಿಸಿ ಸಿಕ್ಕಿಬಿದ್ದ. ಬಿಡುಗಡೆಯಾದ ಕೆಜಾಯಾ ಅಳುತ್ತಾ ಒಬಡಾಯನ ಕೈಗೆ ಮುತ್ತಿಟ್ಟಳು. ಡ್ರುಸಿಲ್ಲಾಗೆ ಮೈಯೆಲ್ಲ ಉರಿಯಿತು.

ಆಮೇಲೆ ಅವನ ಉಪದೇಶ ನಿಲ್ಲಲೇ ಇಲ್ಲ. "ಯಾರೂ ಸಾಯದೆ ಕರಿಬಟ್ಟೆಗೆ ಕತ್ತರಿ ಬಿತ್ತು ಅಂದ್ರೆ ಕೊಲೆ ಅಂತಾನೇ ತಿಳ್ಕೊ. ಇದಕ್ಕೆಲ್ಲ ಗಂಡಸಿನ ತಲೆ ಬೇಕು!"

ಮುಂದಿನ ಮಂಗಳವಾರ ಅವನ ಮುಂದೆ ಟೀ ಇಟ್ಟು, ಡ್ರುಸಿಲ್ಲಾ ಕರಿಬಟ್ಟೆಯ ಥಾನು ಬಿಚ್ಚಿ ತನ್ನ ಸೊಂಟಕ್ಕೇ ಅಳತೆ ಹಿಡಿದಳು.

"ಯಾ... ಯಾರೇ ಸತ್ತಿದ್ದು?"

"ಇನ್ನೂ ಯಾರೂ ಇಲ್ಲ," ಅಂದಳು. "ಟೀ ಆರೋಗುತ್ತೆ, ಕುಡೀರಿ."

ಒಬಡಾಯ ಲೋಟ ಮುಟ್ಟಲಿಲ್ಲ.